ಜೀವಕೋಶದ ಮನೆವಾರ್ತೆ: ಹಳದಿ ಸೋಗೆ ಕೊಯ್ಯುವ ಮುನ್ನ

ಮಳೆಗಾಲ ಹಿಂದಾಗಿ ತೋಟಕ್ಕೆ ಬಿಸಿಲು ಬೀಳತೊಡಗಿದೊಡನೆ ನಮ್ಮ ಸಂಘದ ಗೊಬ್ಬರದ ಮಳಿಗೆಗೆ ಸದಸ್ಯ ಬಾಂಧವರು ಒಬ್ಬೊಬ್ಬರಾಗಿ ಬರಲಾರಂಭಿಸುತ್ತಾರೆ. ಕೆಲವರ ಕೈಯಲ್ಲಿ ಹಳದಿಯಾದ ಎರಡು ಅಡಿಕೆ ಗರಿ, ಇನ್ನು ಕೆಲವರ ಕೈಯಲ್ಲಿ ಬಾಡಿದ ಕಾಫಿ ರೆಕ್ಕೆ. ಎಲ್ಲರ ಪ್ರಶ್ನೆಯೂ ಒಂದೇ: “ಇದಕ್ಕೆ ಯಾವ ಔಷಧ ಕೊಡುತ್ತೀರಿ?” ನಾವು ಉತ್ತರ ಕೊಡುವ ಬದಲು “ಇದು ಕೆಳಗಿನ ಸೋಗೆಯದೋ, ಸುಳಿಯ ಹತ್ತಿರದ್ದೋ?” ಎಂದು ಮರುಪ್ರಶ್ನೆ ಹಾಕುತ್ತೇವೆ. ಔಷಧ ಕೇಳಿದರೆ ಇವರು ಪರೀಕ್ಷೆ ಮಾಡುತ್ತಾರಲ್ಲ ಎಂದು ಕೆಲವರಿಗೆ ಬೇಸರವಾಗುವುದೂ ಉಂಟು.

ಆದರೆ ಆ ಮರುಪ್ರಶ್ನೆಯಲ್ಲೇ ಅರ್ಧ ಉತ್ತರ ಅಡಗಿದೆ. ಯಾವ ಎಲೆ ಹಳದಿಯಾಯಿತು ಎಂಬುದು ಗಿಡದೊಳಗಿನ ಜೀವಕೋಶಗಳು ನಡೆಸುವ ಮನೆವಾರ್ತೆಯ ಲೆಕ್ಕಪತ್ರವಿದ್ದಂತೆ. ಜೀವಕೋಶವು ತನ್ನ ಆಕಾರವನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತದೆ, ಬೇಕಾದ ಸಾಮಗ್ರಿಯನ್ನು ಹೇಗೆ ಸಾಗಿಸುತ್ತದೆ, ಹಳೆಯದಾದುದನ್ನು ಹೇಗೆ ಒಡೆದು ಮತ್ತೆ ಬಳಸುತ್ತದೆ ಎಂಬ ಮೂರು ಸಂಗತಿಗಳನ್ನು ತಿಳಿದರೆ ಆ ಲೆಕ್ಕಪತ್ರವನ್ನು ನಾವೇ ಓದಬಹುದು. ಈ ಸಂಚಿಕೆಯಲ್ಲಿ ಅದನ್ನೇ ವಿವರಿಸಲು ಯತ್ನಿಸಿದ್ದೇವೆ.

ಗೋಡೆ, ನೀರು ಮತ್ತು ತೊಲೆಗಳು

ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿ 1665ರಲ್ಲಿ ಬಿರಡೆಯ ತೆಳುವಾದ ಬಿಲ್ಲೆಯೊಂದನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ಜೇನುಹುಟ್ಟಿನಂತಹ ಪುಟ್ಟ ಪುಟ್ಟ ಕೋಣೆಗಳು ಕಂಡವು. ಅವಕ್ಕೆ ಆತ ಇಟ್ಟ ಹೆಸರೇ ‘ಸೆಲ್’, ಎಂದರೆ ಕೋಣೆ. ವಾಸ್ತವವಾಗಿ ಆತ ಕಂಡದ್ದು ಸತ್ತ ಕೋಶಗಳ ಬರಿಯ ಗೋಡೆಗಳನ್ನು. ಒಳಗಿನ ಸಂಸಾರ ಎಂದೋ ಖಾಲಿಯಾಗಿತ್ತು. ಬದುಕಿರುವ ಕೋಶದ ಒಳಗೆ ಎಂತಹ ಗಡಿಬಿಡಿಯ ವ್ಯವಹಾರ ನಡೆಯುತ್ತದೆಂಬುದು ಮನುಷ್ಯನಿಗೆ ತಿಳಿಯಲು ಇನ್ನೂ ಬಹಳ ಕಾಲ ಬೇಕಾಯಿತು.

ಸಸ್ಯದ ಕೋಶ ಬಹಳ ಸಣ್ಣದು. ಸಾಧಾರಣವಾಗಿ ಒಂದು ಮಿಲಿಮೀಟರ್ ಉದ್ದದಲ್ಲಿ ಹತ್ತರಿಂದ ನೂರು ಕೋಶಗಳನ್ನು ಸಾಲಾಗಿ ಜೋಡಿಸಬಹುದು. ಇದರ ಹೊರಗೋಡೆ ಸೆಲ್ಯುಲೋಸ್ ಎಂಬ ನಾರಿನಿಂದ ಆದದ್ದು. ನಮ್ಮ ಅಡಿಕೆ ಹಾಳೆಯ ಗಟ್ಟಿತನವೆಲ್ಲ ಈ ಸೆಲ್ಯುಲೋಸ್ ಮತ್ತು ಅದರ ನಡುವೆ ತುಂಬಿಕೊಂಡ ಲಿಗ್ನಿನ್‌ನದು. ಒಂದು ಕೋಶಕ್ಕೂ ಪಕ್ಕದ ಕೋಶಕ್ಕೂ ನಡುವೆ ಗಾರೆಯಂತೆ ಕೂತಿರುವುದು ಪೆಕ್ಟಿನ್ ಎಂಬ ಅಂಟುವಸ್ತು. ಆ ಗಾರೆಯನ್ನು ಬಿಗಿಗೊಳಿಸುವುದು ಸುಣ್ಣಾಂಶ, ಅಂದರೆ ಕ್ಯಾಲ್ಸಿಯಂ. ಬೋರಾನ್ ಕೂಡ ಪೆಕ್ಟಿನ್ನಿನ ಎಳೆಗಳನ್ನು ಒಂದಕ್ಕೊಂದು ಹೆಣೆಯುತ್ತದೆ.

ಪೆಕ್ಟಿನ್ ನಮ್ಮ ಕಾಫಿ ಬೆಳೆಗಾರರಿಗೆ ಹೊಸದಲ್ಲ. ಪಲ್ಪಿಂಗ್ ಆದ ಬೀಜದ ಮೇಲಿನ ಲೋಳೆಯಲ್ಲಿ ಅದು ಧಾರಾಳವಾಗಿದೆ. ತೊಟ್ಟಿಯಲ್ಲಿ ಬೀಜವನ್ನು ಹುಳಿಯಲು ಬಿಟ್ಟಾಗ ಸೂಕ್ಷ್ಮಜೀವಿಗಳ ಕಿಣ್ವಗಳು ಇದೇ ಪೆಕ್ಟಿನ್ನನ್ನು ಕರಗಿಸುತ್ತವೆ. ಲೋಳೆ ಬಿಟ್ಟಿತೆಂದು ನಾವು ಬೀಜವನ್ನು ಕೈಯಲ್ಲಿ ಉಜ್ಜಿ ನೋಡುವುದು ಗಾರೆ ಕರಗಿತೇ ಎಂದು ಪರೀಕ್ಷಿಸುವುದೇ ಸರಿ.

ಗೋಡೆಯೊಂದೇ ಇದ್ದರೆ ಎಲೆ ನೆಟ್ಟಗೆ ನಿಲ್ಲಲಾರದು. ಬಲಿತ ಸಸ್ಯಕೋಶದ ಒಳಗಿನ ಬಹುಪಾಲು ಜಾಗವನ್ನು ರಸದಾನಿ ಎಂಬ ನೀರಿನ ಚೀಲ ಆಕ್ರಮಿಸಿಕೊಂಡಿರುತ್ತದೆ. ಅದರಲ್ಲಿ ಲವಣ, ಸಕ್ಕರೆಗಳು ಕರಗಿರುವುದರಿಂದ ನೀರು ಒಳನುಗ್ಗಿ ಗೋಡೆಯನ್ನು ಹೊರಕ್ಕೆ ಒತ್ತುತ್ತದೆ. ಈ ಒತ್ತಡ ಅನೇಕ ವೇಳೆ ಕಾರಿನ ಟೈರಿನೊಳಗಿನ ಗಾಳಿಯ ಒತ್ತಡಕ್ಕಿಂತಲೂ ಹೆಚ್ಚು. ಮಾರ್ಚ್ ತಿಂಗಳ ನಡುಹಗಲಿನಲ್ಲಿ ಕಾಫಿ ಎಲೆ ಜೋತುಬಿದ್ದು ಸಂಜೆಗೆ ಮತ್ತೆ ಎದ್ದು ನಿಲ್ಲುವುದನ್ನು ನಾವೆಲ್ಲ ನೋಡಿದ್ದೇವೆ. ಗೋಡೆ ಕೆಟ್ಟಿರಲಿಲ್ಲ, ಟೈರಿನ ಗಾಳಿ ಇಳಿದು ಮತ್ತೆ ತುಂಬಿತು, ಅಷ್ಟೆ.

ಇನ್ನು ಒಳಗಿನ ತೊಲೆಗಳು. 1963ರಲ್ಲಿ ಲೆಡ್‌ಬೆಟರ್ ಮತ್ತು ಪೋರ್ಟರ್ ಎಂಬ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಸಸ್ಯಕೋಶದ ಗೋಡೆಯ ಒಳಮಗ್ಗುಲಲ್ಲಿ ಅತಿ ಸಣ್ಣ ಕೊಳವೆಗಳ ಸಾಲನ್ನು ಗುರುತಿಸಿದರು. ಇವು ಪ್ರೋಟೀನಿನಿಂದಾದ ಸೂಕ್ಷ್ಮನಳಿಕೆಗಳು. ಗೋಡೆಗೆ ಸೆಲ್ಯುಲೋಸ್ ನಾರು ಯಾವ ದಿಕ್ಕಿನಲ್ಲಿ ಹಾಸಬೇಕೆಂಬುದಕ್ಕೆ ಇವೇ ದಾರಿ ತೋರಿಸುತ್ತವೆ. ಕೋಶ ಎರಡಾಗಿ ಒಡೆಯುವಾಗ ವರ್ಣತಂತುಗಳನ್ನು ಎರಡು ಕಡೆಗೆ ಎಳೆದು ಹಂಚುವ ಹಗ್ಗಗಳೂ ಇವೇ. ವಿಶೇಷವೆಂದರೆ ಈ ತೊಲೆಗಳು ನಮ್ಮ ಮನೆಯ ತೊಲೆಗಳಂತೆ ಒಮ್ಮೆ ಇಟ್ಟರೆ ಮುಗಿಯುವಂಥವಲ್ಲ. ಒಂದು ತುದಿಯಲ್ಲಿ ಕಟ್ಟಿಕೊಳ್ಳುತ್ತ, ಇನ್ನೊಂದು ತುದಿಯಲ್ಲಿ ಬಿಚ್ಚಿಕೊಳ್ಳುತ್ತ ಸದಾ ಬದಲಾಗುತ್ತಿರುತ್ತವೆ. ಜೀವಕೋಶದ ಕಟ್ಟಡ ನಿಂತಿರುವುದು ನಿತ್ಯದ ರಿಪೇರಿಯಿಂದ.

ಈ ತೊಲೆಗಳನ್ನು ಕಟ್ಟಲು ಬಿಡದ ವಸ್ತುವೊಂದು ನಮ್ಮ ಬೇಲಿಯಲ್ಲೇ ಬೆಳೆಯುತ್ತದೆ. ಕೆಂಪು ಹಳದಿ ದಳಗಳ ಅಗ್ನಿಶಿಖೆಯನ್ನು, ಕೆಲವೆಡೆ ಗೌರಿ ಹೂವೆಂದು ಕರೆಯುವ ಬಳ್ಳಿಯನ್ನು, ಬಲ್ಲವರು ಅದರ ಗೆಡ್ಡೆ ವಿಷವೆಂದು ದನಕರುಗಳನ್ನು ದೂರವಿಡುತ್ತಾರೆ. ಅದರಲ್ಲಿರುವ ಕಾಲ್ಚಿಸಿನ್ ಎಂಬ ರಾಸಾಯನಿಕ ಸೂಕ್ಷ್ಮನಳಿಕೆಗಳು ಜೋಡಣೆಯಾಗದಂತೆ ತಡೆಯುತ್ತದೆ. ಹಗ್ಗವಿಲ್ಲದೆ ವರ್ಣತಂತುಗಳು ಹಂಚಿಕೆಯಾಗದೆ ಒಂದೇ ಕೋಶದಲ್ಲಿ ಇಮ್ಮಡಿಯಾಗಿ ಉಳಿಯುತ್ತವೆ. ತಳಿ ವಿಜ್ಞಾನಿಗಳು ಈ ಗುಣವನ್ನೇ ಉಪಯೋಗಿಸಿಕೊಂಡರು. ರೊಬಸ್ಟಾದಲ್ಲಿ 22 ವರ್ಣತಂತು, ಅರೇಬಿಕಾದಲ್ಲಿ 44. ಹೀಗಾಗಿ ಎರಡರ ಕೂಡಿಕೆ ಕಷ್ಟ. ಬ್ರೆಜಿಲ್ ದೇಶದಲ್ಲಿ ಕಾಲ್ಚಿಸಿನ್‌ನಿಂದ ರೊಬಸ್ಟಾದ ವರ್ಣತಂತುಗಳನ್ನು ಇಮ್ಮಡಿಗೊಳಿಸಿ ಅರೇಬಿಕಾದೊಡನೆ ಕೂಡಿಸಿದ್ದರಿಂದ ಇಕಾಟು ಎಂಬ ತಳಿ ಹುಟ್ಟಿತು.

ಸಾಗಾಣಿಕೆಯ ವ್ಯವಸ್ಥೆ

ಮನೆ ನಿಂತರೆ ಸಾಲದು, ಮನೆಗೆ ಸಾಮಾನು ಬರಬೇಕು. ಕೋಶದೊಳಗಿನ ದ್ರವ್ಯ ನಿಂತ ನೀರಲ್ಲ, ಹರಿಯುವ ನೀರು ಎಂಬುದನ್ನು ಇಟಲಿಯ ಕಾರ್ಟಿ ಎಂಬಾತ 1774ರಲ್ಲೇ ಕೆರೆಯ ಪಾಚಿಯಂಥ ಗಿಡವೊಂದರಲ್ಲಿ ನೋಡಿ ಬರೆದಿದ್ದ. ಈಗ ಅದರ ಕಾರಣ ತಿಳಿದಿದೆ. ಕೋಶದೊಳಗೆ ಆಕ್ಟಿನ್ ಎಂಬ ಎಳೆಗಳ ಹಾದಿಯಿದೆ. ಆ ಹಾದಿಯ ಮೇಲೆ ಮಯೋಸಿನ್ ಎಂಬ ಪ್ರೋಟೀನುಗಳು ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಹೊರೆ ಹೊತ್ತು ನಡೆಯುತ್ತವೆ, ಘಟ್ಟದ ದಾರಿಯಲ್ಲಿ ಹೇರೆತ್ತುಗಳು ನಡೆದಂತೆ. ಪ್ರತಿ ಹೆಜ್ಜೆಗೂ ಎಟಿಪಿ ಎಂಬ ಇಂಧನ ಖರ್ಚಾಗುತ್ತದೆ. ಹೊರೆಯನ್ನು ಸಣ್ಣ ಪೊರೆಚೀಲಗಳಲ್ಲಿ ಕಟ್ಟಿ ವಿಳಾಸ ಹಚ್ಚಿ ಕಳಿಸುವ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ್ದಕ್ಕೆ ರಾತ್ಮನ್, ಶೆಕ್ಮನ್ ಮತ್ತು ಸ್ಯುಡಾಫ್ ಎಂಬ ಮೂವರಿಗೆ 2013ರಲ್ಲಿ ನೊಬೆಲ್ ಬಹುಮಾನ ಬಂತು.

ಕೋಶದಿಂದ ಕೋಶಕ್ಕೆ ಸಾಗಲು ಗೋಡೆಗಳಲ್ಲಿ ಸಣ್ಣ ಕಿಂಡಿಗಳಿವೆ. ದೂರದ ಸಾಗಾಣಿಕೆಗೆ ಎರಡು ಬಗೆಯ ಕೊಳವೆಗಳಿವೆ. ಬೇರಿನಿಂದ ನೀರು ಮತ್ತು ಲವಣವನ್ನು ಮೇಲಕ್ಕೊಯ್ಯುವ ಕ್ಸೈಲಂ ಕೊಳವೆ ಸತ್ತ ಕೋಶಗಳ ಖಾಲಿ ಗೋಡೆಗಳಿಂದಾದದ್ದು. ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಕಾಯಿಗೂ ಬೇರಿಗೂ ಒಯ್ಯುವ ಫ್ಲೋಯಂ ಕೊಳವೆ ಬದುಕಿರುವ ಕೋಶಗಳದ್ದು. ಇದರಲ್ಲಿ ರಸ ಗಂಟೆಗೆ ಅರ್ಧದಿಂದ ಒಂದು ಮೀಟರ್ ವೇಗದಲ್ಲಿ ಸಾಗುತ್ತದೆ. ದಾರಿ ಸುಗಮವಾಗಲೆಂದು ಈ ಕೋಶಗಳು ತಮ್ಮ ಕೋಶಕೇಂದ್ರವನ್ನೇ ಕಳೆದುಕೊಂಡಿರುತ್ತವೆ. ತಮ್ಮ ಊಟ, ರಿಪೇರಿ ಎಲ್ಲಕ್ಕೂ ಪಕ್ಕದ ಸಂಗಾತಿ ಕೋಶವನ್ನೇ ಅವಲಂಬಿಸಿರುತ್ತವೆ.

ಇಲ್ಲಿ ಕಾಫಿಗೂ ಅಡಿಕೆಗೂ ಇರುವ ದೊಡ್ಡ ವ್ಯತ್ಯಾಸವನ್ನು ಬೆಳೆಗಾರರು ಗಮನಿಸಬೇಕು. ಕಾಫಿ ಗಿಡದ ತೊಗಟೆಯಡಿ ಕೇಂಬಿಯಂ ಎಂಬ ಬೆಳವಣಿಗೆಯ ಪದರವಿದೆ. ಅದು ಹಳೆಯ ಕೊಳವೆಗಳ ಬದಲಿಗೆ ಹೊಸದನ್ನು ಕಟ್ಟುತ್ತಲೇ ಇರುತ್ತದೆ. ಕಾಂಡ ದಪ್ಪವಾಗುವುದೂ, ಗಾಯ ಅಂಚಿನಿಂದ ಮುಚ್ಚಿಕೊಂಡು ಬರುವುದೂ ಇದರಿಂದಲೇ. ಅಡಿಕೆ ಮರಕ್ಕೆ ಈ ಪದರವಿಲ್ಲ. ಸುಳಿ ಆ ಎತ್ತರದಲ್ಲಿದ್ದಾಗ ಕಾಂಡದಲ್ಲಿ ಹುಟ್ಟಿದ ಕೊಳವೆಗಳೇ ಮರದ ಆಯುಷ್ಯವೆಲ್ಲ ಕೆಲಸ ಮಾಡಬೇಕು. ನಲವತ್ತು ವರುಷದ ಮರದ ಬುಡದಲ್ಲಿ ರಸ ಸಾಗಿಸುತ್ತಿರುವ ಫ್ಲೋಯಂ ಕೋಶ ಹೆಚ್ಚುಕಡಿಮೆ ಅಷ್ಟೇ ವರುಷದ್ದು. ಕೋಶಕೇಂದ್ರವಿಲ್ಲದ ಒಂದು ಕೋಶ ಇಷ್ಟು ದೀರ್ಘಕಾಲ ಬದುಕುವುದು ಸೃಷ್ಟಿಯ ಒಂದು ಬೆರಗು.

ಆದ್ದರಿಂದ ಅಡಿಕೆ ಕಾಂಡಕ್ಕೆ ಆದ ಗಾಯ ಎಂದೂ ಮಾಯುವುದಿಲ್ಲ. ಗುದ್ದಲಿ ತಗುಲಿದ ಕಲೆ, ಮೊಳೆ ಹೊಡೆದ ತೂತು, ನೈಋತ್ಯದ ಇಳಿಬಿಸಿಲಿಗೆ ಸುಟ್ಟ ಕಾಂಡದ ಸೀಳು ಎಲ್ಲವೂ ಕೊನೆಯವರೆಗೆ ಹಾಗೆಯೇ ಉಳಿಯುತ್ತವೆ. ಹಿರಿಯರು ಎಳೆಯ ಮರದ ಬಿಸಿಲ ಮಗ್ಗುಲಿಗೆ ಸೋಗೆ, ಹಾಳೆ ಕಟ್ಟುತ್ತಿದ್ದುದು, ತೋಟದ ಪಶ್ಚಿಮ ದಿಕ್ಕಿಗೆ ನೆರಳಿನ ಮರ ಬೆಳೆಸುತ್ತಿದ್ದುದು ಬರಿಯ ರೂಢಿಯಲ್ಲ. ಹೊಸದಾಗಿ ಕಟ್ಟಲು ಬಾರದ ಕೊಳವೆಯನ್ನು ಕಾಪಾಡುವ ಉಪಾಯ.

ಕಸವೆಂಬ ಬಂಡವಾಳ

ಈಗ ಮೂರನೆಯ ಸಂಗತಿ. ಕೋಶದಲ್ಲಿ ದಿನವೂ ಪ್ರೋಟೀನುಗಳು ಸವೆಯುತ್ತವೆ, ತಪ್ಪಾಗಿ ಮಡಚಿಕೊಳ್ಳುತ್ತವೆ. ಇವುಗಳನ್ನು ವಿಲೇವಾರಿ ಮಾಡದಿದ್ದರೆ ಕೋಶ ತನ್ನ ಕಸದಲ್ಲೇ ಉಸಿರುಗಟ್ಟೀತು. ಇದಕ್ಕೆ ಎರಡು ಏರ್ಪಾಡುಗಳಿವೆ.

ಮೊದಲನೆಯದು ಬಿಡಿ ಸಾಮಾನಿಗೆ. ಕೆಟ್ಟ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಸಣ್ಣ ಚೀಟಿಯನ್ನು ಅಂಟಿಸಲಾಗುತ್ತದೆ. ಚೀಟಿ ಬಿದ್ದ ಪ್ರೋಟೀನು ಪ್ರೋಟಿಯಸೋಮ್ ಎಂಬ ಪೀಪಾಯಿಯಾಕಾರದ ಗಿರಣಿಯೊಳಗೆ ಹೋಗಿ ಪುಡಿಯಾಗುತ್ತದೆ. ಈ ಚೀಟಿಯ ಗುಟ್ಟನ್ನು ಕಂಡುಹಿಡಿದ ಸೀಕನೋವರ್, ಹರ್ಷ್ಕೊ ಮತ್ತು ರೋಸ್ ಅವರಿಗೆ 2004ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಬಹುಮಾನ ದೊರೆಯಿತು.

ಎರಡನೆಯದು ಸಗಟು ವಿಲೇವಾರಿ. ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡೂವ್ 1955ರಲ್ಲಿ ಇಲಿಯ ಪಿತ್ತಜನಕಾಂಗದ ಕೋಶಗಳಲ್ಲಿ ಜೀರ್ಣಕಿಣ್ವಗಳ ಚೀಲಗಳನ್ನು ಗುರುತಿಸಿ ಲೈಸೋಸೋಮ್ ಎಂದು ಕರೆದರು. ಕೋಶ ತನ್ನದೇ ಭಾಗಗಳನ್ನು ಪೊರೆಯಲ್ಲಿ ಸುತ್ತಿ ಆ ಚೀಲಕ್ಕೆ ಒಪ್ಪಿಸುವುದಕ್ಕೆ 1963ರಲ್ಲಿ ಅವರೇ ಕೊಟ್ಟ ಹೆಸರು ಆಟೋಫೇಜಿ, ಅಂದರೆ ಸ್ವಭಕ್ಷಣೆ. ಜಪಾನಿನ ಯೋಶಿನೋರಿ ಓಸುಮಿ ಅವರು ಯೀಸ್ಟ್ ಕೋಶಗಳನ್ನು ಉಪವಾಸ ಕೆಡವಿ ನೋಡಿದಾಗ ಈ ಕೆಲಸ ಭರದಿಂದ ಸಾಗುವುದು ಕಂಡಿತು. ಅದನ್ನು ನಡೆಸುವ ಜೀನುಗಳನ್ನು ಪತ್ತೆಹಚ್ಚಿದ್ದಕ್ಕೆ 2016ರ ನೊಬೆಲ್ ಬಹುಮಾನ ಅವರಿಗೆ ಸಂದಿತು. ಹಸಿದಾಗ ಕೋಶವು ಮನೆಯ ಹಳೆಯ ಪಾತ್ರೆಯನ್ನು ಕರಗಿಸಿ ಹೊಸದನ್ನು ಎರಕ ಹೊಯ್ಯುತ್ತದೆ ಎಂಬುದು ಇದರ ತಾತ್ಪರ್ಯ.

ಸಸ್ಯಗಳಲ್ಲಿ ಈ ಜೀರ್ಣಚೀಲದ ಕೆಲಸವನ್ನು ಮಾಡುವುದು ನಾವು ಆಗಲೇ ಹೇಳಿದ ರಸದಾನಿ. ಅದು ನೀರಿನ ತೊಟ್ಟಿಯೂ ಹೌದು, ಗೊಬ್ಬರದ ಗುಂಡಿಯೂ ಹೌದು, ಉಗ್ರಾಣವೂ ಹೌದು. ಕಾಫಿಯ ಕೆಫೀನ್ ಸಂಗ್ರಹವಾಗುವುದು ಇಲ್ಲಿಯೇ. ಅಡಿಕೆಗೆ ಒಗರು ಕೊಡುವ, ಬೇಯಿಸಿದಾಗ ಚೊಗರಾಗಿ ಇಳಿಯುವ ಟ್ಯಾನಿನ್‌ಗಳ ಜಾಗವೂ ಇದೇ. ಹಸಿ ಅಡಿಕೆಯನ್ನು ಕತ್ತರಿಸಿಟ್ಟರೆ ಹೋಳು ಕಂದಾಗುವುದೇಕೆ? ಕತ್ತಿಯ ಏಟಿಗೆ ರಸದಾನಿ ಒಡೆದು, ಬೇರೆ ಬೇರೆ ಕೋಣೆಗಳಲ್ಲಿ ಇರಬೇಕಾದ ಒಗರು ವಸ್ತುವೂ ಕಿಣ್ವವೂ ಗಾಳಿಯಲ್ಲಿ ಒಂದಾದುದರಿಂದ.

ಎಲೆ ಓದುವ ಕ್ರಮ

ಇಷ್ಟು ತಿಳಿದ ಮೇಲೆ ಮಳಿಗೆಯ ಪ್ರಶ್ನೆಗೆ ಮರಳೋಣ. ಎಲೆಯಲ್ಲಿರುವ ಸಾರಜನಕದ ಬಹುಭಾಗ ಹಸಿರು ಕಣಗಳಲ್ಲಿ, ಅಂದರೆ ಹರಿದ್ರೇಣುಗಳಲ್ಲಿ ಇರುತ್ತದೆ. ಎಲೆ ಮುದಿಯಾದಾಗ ಅಥವಾ ಗಿಡ ಹಸಿದಾಗ ಕೋಶಗಳು ಆ ಹರಿದ್ರೇಣುಗಳನ್ನು ಒಡೆದು, ಸಿಕ್ಕ ಸಾರಜನಕವನ್ನು ಫ್ಲೋಯಂ ಮೂಲಕ ಸುಳಿಗೂ ಕಾಯಿಗೂ ಕಳಿಸುತ್ತವೆ. ಹಸಿರು ಹೋದ ಜಾಗದಲ್ಲಿ ಮೊದಲಿನಿಂದಲೂ ಅಡಗಿದ್ದ ಹಳದಿ ಬಣ್ಣ ಕಾಣಿಸಿಕೊಳ್ಳುತ್ತದೆ. ಹೀಗೆ ಹಳದಿಯಾಗುವುದು ಎಲೆಯ ಸಾವಷ್ಟೇ ಅಲ್ಲ, ಆಸ್ತಿಯ ವರ್ಗಾವಣೆ.

ಎಲ್ಲ ಪೋಷಕಾಂಶಗಳೂ ಹೀಗೆ ವರ್ಗವಾಗುವುದಿಲ್ಲ. ಸಾರಜನಕ, ರಂಜಕ, ಪೊಟ್ಯಾಷ್ ಮತ್ತು ಮೆಗ್ನೀಷಿಯಂ ಸುಲಭವಾಗಿ ಸಾಗುತ್ತವೆ. ಇವುಗಳ ಕೊರತೆಯಾದಾಗ ಗಿಡ ಹಳೆಯ ಎಲೆಯಿಂದ ಕಿತ್ತು ಹೊಸ ಎಲೆಗೆ ಕೊಡುತ್ತದೆ. ಆದ್ದರಿಂದ ಕೊರತೆಯ ಗುರುತು ಕೆಳಗಿನ ಎಲೆಯಲ್ಲಿ. ಕ್ಯಾಲ್ಸಿಯಂ ಮತ್ತು ಬೋರಾನ್ ಗೋಡೆಯ ಗಾರೆಯಲ್ಲಿ ಸೇರಿಹೋದ ಮೇಲೆ ಹಿಂದಕ್ಕೆ ಬರಲೊಲ್ಲವು. ಕಬ್ಬಿಣವೂ ಹಳೆಯ ಎಲೆಯಿಂದ ಸುಲಭವಾಗಿ ಹೊರಡದು. ಇವುಗಳ ಕೊರತೆ ಸುಳಿಯಲ್ಲಿ, ಎಳೆ ಎಲೆಯಲ್ಲಿ ಕಾಣುತ್ತದೆ. ಅಡಿಕೆಯ ಸುಳಿ ಮುದುಡಿ ಗರಿಗಳು ಸುಕ್ಕುಗಟ್ಟಿದರೆ ಬೋರಾನ್ ಕೊರತೆಯನ್ನು ಸಂಶಯಿಸಬೇಕು. ಕಾಫಿಯ ಚಿಗುರೆಲೆ ಕಿರಿದಾಗಿ ಒತ್ತೊತ್ತಾದರೆ ಸತುವಿನ ಕೊರತೆಯನ್ನು ನೆನೆಯಬೇಕು. “ಕೆಳಗಿನದೋ, ಸುಳಿಯದೋ” ಎಂಬ ನಮ್ಮ ಪ್ರಶ್ನೆಯ ಮರ್ಮ ಇಷ್ಟೇ.

ಇಲ್ಲೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾವೂ ಹಿಂದೆ ಅಡಿಕೆ ಮರದಲ್ಲಿ ಅರೆಹಳದಿಯಾದ ಸೋಗೆ ಕಂಡೊಡನೆ ಕೊಯ್ಯಿಸಿ ಬುಡಕ್ಕೆ ಹಾಸುತ್ತಿದ್ದೆವು. ತೋಟ ಚೊಕ್ಕಟವಾಗಿ ಕಾಣುತ್ತಿತ್ತು. ಮರುವರುಷ ಅದರ ಮೇಲಿನ ಸೋಗೆ ಹಳದಿಯಾಯಿತು, ಅದನ್ನೂ ಕೊಯ್ಯಿಸಿದೆವು. ರೋಗ ಮೇಲೇರುತ್ತಿದೆಯೆಂದು ಕಂಗಾಲಾದೆವು. ರೋಗವನ್ನು ಮೇಲೇರಿಸಿದವರು ನಾವೇ. ಪೊಟ್ಯಾಷ್ ಹಸಿವಿದ್ದ ಮರ ಕೆಳಗಿನ ಸೋಗೆಯಿಂದ ಸಾಲ ತೀರಿಸುತ್ತಿತ್ತು. ಆ ಖಜಾನೆಯನ್ನು ಅರ್ಧದಲ್ಲೇ ಕಿತ್ತೆಸೆದುದರಿಂದ ಮರ ಅನಿವಾರ್ಯವಾಗಿ ಮೇಲಿನ ಸೋಗೆಗೆ ಕೈಹಾಕಿತು. ಬುಡಕ್ಕೆ ಹಾಸಿದ ಸೋಗೆ ಕೊಳೆತು ಮರಕ್ಕೆ ಮರಳಿ ಸೇರಲು ತಿಂಗಳುಗಟ್ಟಲೆ ಬೇಕು, ನಡುವೆ ಮಳೆಗೆ ಕೊಚ್ಚಿಹೋಗುವ ಪಾಲೂ ಇದೆ. ಅಡಿಕೆಯಲ್ಲಿ ಪ್ರತಿ ಸೋಗೆಯ ಕಂಕುಳಲ್ಲೂ ಒಂದು ಸಿಂಗಾರಕ್ಕೆ ಅವಕಾಶವಿದೆ. ಹಾಳೆ ತಾನಾಗಿ ಕಳಚಿದ ಮೇಲೆಯೇ ಅದು ಬಿಚ್ಚಿಕೊಳ್ಳುವುದು. ಸೋಗೆಯ ವಿಷಯದಲ್ಲಿ ಅವಸರಪಟ್ಟರೆ ಪೆಟ್ಟು ಬೀಳುವುದು ಗೊನೆಗೆ. ಆದ್ದರಿಂದ ಸೋಗೆಯನ್ನು ತಾನಾಗಿ ಬೀಳಲು ಬಿಡುವುದು ಲೇಸು. ಕೊಳೆರೋಗದಿಂದ ಸತ್ತ ಗೊನೆ, ಸುಳಿಕೊಳೆಯ ಭಾಗಗಳ ಮಾತು ಬೇರೆ. ಅವನ್ನು ತೆಗೆದು ನಾಶಪಡಿಸಲೇಬೇಕು.

ಕಾಫಿಯಲ್ಲಿ ಇದೇ ಲೆಕ್ಕ ಇನ್ನೊಂದು ರೂಪದಲ್ಲಿ ಬರುತ್ತದೆ. ನೆರಳು ಕಡಿಮೆಯಾಗಿ ಅರೇಬಿಕಾ ಗಿಡ ಮಿತಿಮೀರಿ ಕಾಯಿ ಹಿಡಿದ ವರುಷ ಬೆಳೆಗಾರ ಹಿಗ್ಗುತ್ತಾನೆ. ಕಾಯಿಗಳೋ ಎಲೆಯ ಸಾರವನ್ನೂ, ಕಾಂಡ ಮತ್ತು ಬೇರಿನ ಪಿಷ್ಟವನ್ನೂ ಎಳೆದುಕೊಳ್ಳುತ್ತವೆ. ಎಲೆ ಉದುರಿ, ಸಣ್ಣ ಬೇರು ಸತ್ತು, ರೆಕ್ಕೆಗಳು ತುದಿಯಿಂದ ಒಣಗುತ್ತ ಬರುತ್ತವೆ. ಇದಕ್ಕೆ ಸಿಂಪಡಣೆಯಲ್ಲಿ ಪರಿಹಾರವಿಲ್ಲ. ನೆರಳು, ಚಿಗುರು ಕೀಳುವುದು, ಕಾಲಕ್ಕೆ ಗೊಬ್ಬರ, ಇವೇ ಮದ್ದು.

ಇನ್ನು ನೀರು ನಿಂತ ತೋಟ. ಬೇರಿನ ಕೋಶಗಳು ಲವಣವನ್ನು ಒಳಗೆಳೆಯಲು ಇಂಧನ ಬೇಕು, ಇಂಧನಕ್ಕೆ ಗಾಳಿ ಬೇಕು. ಬಸಿಗಾಲುವೆ ಮುಚ್ಚಿದ ತೋಟದಲ್ಲಿ ಗೊಬ್ಬರ ಎಷ್ಟೇ ಸುರಿದರೂ ಉಸಿರಿಲ್ಲದ ಬೇರು ಅದನ್ನು ಎತ್ತಲಾರದು. ಅಂಥಲ್ಲಿ ಮೊದಲು ಬೇಕಾದದ್ದು ಗುದ್ದಲಿ, ಆಮೇಲೆ ಗೊಬ್ಬರದ ಚೀಲ.

ಹಳದಿ ಎಲೆ ರೋಗದ ಮಾತು

ಇಷ್ಟೆಲ್ಲ ಹೇಳಿದ ಮೇಲೆ ನಿಜವಾದ ಹಳದಿ ಎಲೆ ರೋಗದ ವಿಷಯವನ್ನು ಮುಚ್ಚಿಡಬಾರದು. ಕೇರಳದಲ್ಲಿ 1914ರಷ್ಟು ಹಿಂದೆಯೇ ಕಂಡ ಈ ರೋಗ ನಮ್ಮಲ್ಲಿ ಶೃಂಗೇರಿ, ಕೊಪ್ಪ, ಸುಳ್ಯ ಸೀಮೆಗಳ ಎಷ್ಟೋ ತೋಟಗಳನ್ನು ಬರಿದುಮಾಡಿದೆ. ಇದಕ್ಕೆ ಸಂಬಂಧಿಸಿದ ಜೀವಿ ಫೈಟೋಪ್ಲಾಸ್ಮಾ. ಈ ವರ್ಗದ ಜೀವಿಗಳನ್ನು ಮೊದಲು ಗುರುತಿಸಿದವರು ಜಪಾನಿನ ವಿಜ್ಞಾನಿಗಳು, 1967ರಲ್ಲಿ. ಇವು ಗೋಡೆಯೇ ಇಲ್ಲದ ಬ್ಯಾಕ್ಟೀರಿಯಾಗಳು. ಜಿಗಿಹುಳುವಿನ ಬಾಯಿಂದ ಫ್ಲೋಯಂ ಒಳಗೆ ಸೇರಿ, ಅಲ್ಲಿಯ ಸಿಹಿರಸದಲ್ಲೇ ಬದುಕುತ್ತವೆ. ಪೆನಿಸಿಲಿನ್ ಬಗೆಯ ಔಷಧ ಬ್ಯಾಕ್ಟೀರಿಯಾದ ಗೋಡೆಯನ್ನು ಕೆಡಿಸಿ ಕೊಲ್ಲುವಂಥದು. ಗೋಡೆಯೇ ಇಲ್ಲದ ಮೇಲೆ ಅದು ಏನು ಮಾಡೀತು? ಟೆಟ್ರಾಸೈಕ್ಲಿನ್ ಬಗೆಯವು ಫೈಟೋಪ್ಲಾಸ್ಮಾವನ್ನು ಸ್ವಲ್ಪಕಾಲ ಅದುಮಿಡಬಲ್ಲವೇ ಹೊರತು ರೋಗವನ್ನು ವಾಸಿಮಾಡಲಾರವು. ಸಾಗಾಣಿಕೆಯ ಕೊಳವೆಯಲ್ಲೇ ಶತ್ರು ಕೂತಿದ್ದಾನೆ. ಅಡಿಕೆಗೋ ಆ ಕೊಳವೆಯನ್ನು ಬಿಟ್ಟು ಕಾಂಡದಲ್ಲಿ ಹೊಸದನ್ನು ಕಟ್ಟಿಕೊಳ್ಳಲು ಬಾರದು. ಈ ರೋಗ ಅಡಿಕೆಗೆ ಇಷ್ಟು ಘೋರವಾಗಿರುವುದಕ್ಕೆ ಇದೂ ಒಂದು ಕಾರಣವೆಂದು ನಮಗೆ ತೋರುತ್ತದೆ.

ಹೊರಸುತ್ತಿನ ಎರಡು ಮೂರು ಸೋಗೆಗಳ ಗರಿತುದಿ ಹಳದಿಯಾಗುತ್ತ ಬಂದು ನಡುನರದ ಪಕ್ಕ ಹಸಿರು ಪಟ್ಟಿ ಉಳಿಯುವುದು, ಹೊಸ ಸೋಗೆಗಳು ಗಿಡ್ಡವಾಗುತ್ತ ಹೋಗುವುದು, ಬೇರಿನ ತುದಿ ಕಪ್ಪಾಗಿ ಕೊಳೆಯುವುದು, ಕಾಯಿಯೊಳಗಿನ ತಿರುಳು ಕಪ್ಪಿಟ್ಟು ಮೆತ್ತಗಾಗುವುದು, ಇವು ಕೂಡಿ ಬಂದರೆ ರೋಗದ ಶಂಕೆ ಬಲವಾಗುತ್ತದೆ. ಮೆಗ್ನೀಷಿಯಂ ಕೊರತೆಯೂ ಮೊದಮೊದಲು ಹೀಗೆಯೇ ಕಾಣುವುದರಿಂದ ಬರಿಗಣ್ಣಿನ ತೀರ್ಮಾನವನ್ನೇ ನಂಬಿ ಮರ ಕಡಿಯುವುದೂ ತಪ್ಪು, ರೋಗವಲ್ಲವೆಂದು ಕೈಕಟ್ಟಿ ಕೂರುವುದೂ ತಪ್ಪು. ಮಣ್ಣು ಪರೀಕ್ಷೆ ಮಾಡಿಸಿ, ಎಲೆಯ ಮಾದರಿಯನ್ನು ಸಂಶೋಧನಾ ಕೇಂದ್ರದವರಿಗೆ ತೋರಿಸುವುದು ಸರಿಯಾದ ದಾರಿ. ರೋಗ ಖಚಿತವಾದ ತೋಟದಲ್ಲೂ ಬಸಿಗಾಲುವೆ, ಸಮತೋಲನದ ಗೊಬ್ಬರ, ಮುಚ್ಚಿಗೆಗಳಿಂದ ಮರವನ್ನು ಕೆಲವು ವರುಷ ನಡೆಸಿಕೊಂಡು ಹೋಗಬಹುದು. ರೋಗಪೀಡಿತ ತೋಟದ ನಡುವೆಯೂ ಹಸಿರಾಗಿ ನಿಂತ ಮರಗಳಿದ್ದರೆ ಅವನ್ನು ಕಡಿಯದೆ ಕೇಂದ್ರಕ್ಕೆ ತಿಳಿಸಿರಿ. ರೋಗ ತಾಳುವ ತಳಿಯ ಹುಡುಕಾಟ ಅಂಥ ಮರಗಳಿಂದಲೇ ಸಾಗಬೇಕಾಗಿದೆ.

ಔಷಧದ ಬಾಟಲಿ ಮಾರುವುದು ನಮ್ಮ ಮಳಿಗೆಗೆ ಸುಲಭ. ಆದರೆ ಹಸಿದ ಮರಕ್ಕೆ ಔಷಧ, ನೀರು ನಿಂತ ಬೇರಿಗೆ ಗೊಬ್ಬರ, ರೋಗದ ಮರಕ್ಕೆ ಬರಿಯ ಧೈರ್ಯ ಕೊಟ್ಟು ಕಳಿಸಿದರೆ ಸದಸ್ಯರ ದುಡ್ಡೂ ಹೋಗುತ್ತದೆ, ಮರವೂ ಹೋಗುತ್ತದೆ. ಆದ್ದರಿಂದ ಮುಂದಿನ ಸಲ ಬರುವಾಗ ಹಳದಿ ಗರಿಯ ಜೊತೆಗೆ ಮೂರು ವಿಷಯ ಗುರುತು ಮಾಡಿಕೊಂಡು ಬನ್ನಿ: ಅದು ಮೇಲಿನಿಂದ ಎಷ್ಟನೆಯ ಸೋಗೆ, ಸುಳಿ ಹೇಗಿದೆ, ಬುಡದಲ್ಲಿ ಅರ್ಧ ಅಡಿ ಅಗೆದಾಗ ಬೇರು ಬೆಳ್ಳಗಿದೆಯೋ ಕಪ್ಪಗಿದೆಯೋ. ಮತ್ತು ಬರುವ ಮೊದಲು ಸೋಗೆಯನ್ನು ಪೂರ್ತಿ ಕೊಯ್ಯಬೇಡಿ, ಎರಡು ಗರಿ ಸಾಕು.